ಶಾಲೆ ಮತ್ತೆ ತೆರೆಯುವ ಸಭೆ: ಮೊದಲು ಕಿಟಕಿ ಲೆಕ್ಕ, ಆಮೇಲೆ ಮಾತು

ಸಾಂಕ್ರಾಮಿಕದ ನಡುವೆ ಶಾಲೆ ತೆರೆಯೋಕೆ ಎಸ್‌ಡಿಎಂಸಿ (ಪೋಷಕರು ಇರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದರೆ, ಅರ್ಧ ಹೊತ್ತು ಸ್ಯಾನಿಟೈಸರ್ ಯಾರು ಕೊಡಿಸಬೇಕು ಅನ್ನೋದರಲ್ಲೇ ಕಳೆಯುತ್ತೆ. ಕೋವಿಡ್ ಹರಡೋದು ಹೆಚ್ಚಾಗಿ ಉಸಿರಿನ ಗಾಳಿಯಲ್ಲಿ. ಹಾಗಾಗಿ ‘ತೆರೆಯೋಣವಾ ಬೇಡವಾ’ ಬಿಡಿ. ಯಾವ ಕೊಠಡಿ, ಎಷ್ಟು ಮಕ್ಕಳು, ಯಾವ ಷರತ್ತು ಅಂತ ಕೇಳಿ.

ಸಭೆಗೆ ಮೊದಲೇ ಕೊಠಡಿಗಳನ್ನು ಟೇಪ್ ಹಿಡಿದು ಅಳೆಯಿರಿ. 20 ಅಡಿ ಉದ್ದ, 20 ಅಗಲ, 10 ಎತ್ತರ ಇದ್ದರೆ 4,000 ಘನ ಅಡಿ. ಗಂಟೆಗೆ 6 ಸಲ ಗಾಳಿ ಬದಲಾಗಬೇಕಾದರೆ 24,000 ಘನ ಅಡಿ, ಅಂದರೆ ಸುಮಾರು 680 ಘನ ಮೀಟರ್. ಬೆಂಗಳೂರಿನ 30x40 ಸೈಟಿನ ಕಟ್ಟಡಗಳಲ್ಲಿ ಪಕ್ಕದ ಮನೆ ಗೋಡೆ ಅಡ್ಡ ಬಂದು ಒಂದೇ ಕಡೆ ಕಿಟಕಿ ಇರುತ್ತೆ. ಅಲ್ಲಿ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಫ್ಯಾನ್ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತೆ ಅನ್ನೋ ಡಬ್ಬದ ಮೇಲಿನ ಅಂಕಿ 680ಕ್ಕಿಂತ ಚೆನ್ನಾಗಿ ಹೆಚ್ಚಿರಲಿ, ಜಾಲರಿಗೆ ಧೂಳು ಕಟ್ಟಿದರೆ ಎಳೆಯೋದು ಕಡಿಮೆಯಾಗುತ್ತೆ. ತೆರೆದ ಕಿಟಕಿಯ ಪಕ್ಕದಲ್ಲೇ ಫ್ಯಾನ್ ಕೂರಿಸಿದರೆ ದುಡ್ಡು ದಂಡ: ಆ ಕಿಟಕಿಯಿಂದ ಬಂದ ಗಾಳಿ ಹಾಗೇ ಹೊರಗೆ ಹೋಗುತ್ತೆ, ಹಿಂದಿನ ಬೆಂಚಿನ ಗಾಳಿ ಅಲ್ಲೇ ನಿಲ್ಲುತ್ತೆ. ಹಿಂದಿನ ಬೆಂಚಿನ ಹತ್ತಿರ ಊದುಬತ್ತಿ ಹಚ್ಚಿ ನೋಡಿ, ಹೊಗೆ ಸುತ್ತಾಡಿ ಅಲ್ಲೇ ಉಳಿದರೆ ಜಾಗ ಬದಲಿಸಿ. ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಹಾಕಿದರೆ ಅದೇ ಗಾಳಿಯನ್ನು ಎಲ್ಲರಿಗೂ ಹಂಚಿದ ಹಾಗೆ.

ಉಸಿರು ಬಿಟ್ಟ ಗಾಳಿ ಕೊಠಡಿಯಲ್ಲಿ ಎಷ್ಟು ನಿಂತಿದೆ ಅಂತ ಕಾರ್ಬನ್ ಡೈಆಕ್ಸೈಡ್ ಮೀಟರ್ ತೋರಿಸುತ್ತೆ. ಕೊಂಡರೆ ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಆ ಅನಿಲವನ್ನು ಅಳೆಯೋದು) ಇರೋದನ್ನೇ ಕೊಳ್ಳಿ. ಕೆಲವು ಅಗ್ಗದವು ಸ್ಯಾನಿಟೈಸರ್ ವಾಸನೆಗೇ ಅಂಕಿ ಏರಿಸುತ್ತವೆ. ಹೊರಗೆ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ತೋರಿಸಬೇಕು. ಮಕ್ಕಳು ಕೂತ ಎತ್ತರದಲ್ಲಿ, ಕಿಟಕಿಯಿಂದ ದೂರ ಇಡಿ. 800ರ ಒಳಗಿದ್ದರೆ ಒಳ್ಳೆಯದು. 1,000 ದಾಟಿದರೆ ಮಕ್ಕಳ ಸಂಖ್ಯೆ ಇಳಿಸಿ.

ಯಾರು ಮೊದಲು ಬರಬೇಕು ಅನ್ನೋದರಲ್ಲೇ ಜಗಳ ಜಾಸ್ತಿ. 2021ರಲ್ಲಿ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಿರಿ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳಿತ್ತು; ರಾಜ್ಯದಲ್ಲಿ ಆದದ್ದು ತಿರುವುಮುರುವು. 9ರಿಂದ 12ನೇ ತರಗತಿ ಆಗಸ್ಟ್ 23ಕ್ಕೆ, 1ರಿಂದ 5 ಅಕ್ಟೋಬರ್ 25ಕ್ಕೆ. ಫೋನಿನಲ್ಲಿ ಅಕ್ಷರ ಕಲಿಯಲಾಗದ ಪುಟ್ಟ ಮಕ್ಕಳನ್ನು ಕೊನೆಗಿಟ್ಟಿದ್ದು ಸರಿಯಲ್ಲ ಅನ್ನೋ ವಾದಕ್ಕೆ ಸಭೆಯಲ್ಲಿ ಜಾಗ ಕೊಡಿ.

ಬಿಸಿಯೂಟದ ಹೊತ್ತಲ್ಲಿ ಮಾಸ್ಕ್ ಕಳಚುತ್ತೆ, ಮಾತೂ ಜೋರು. ಅಂಗಳದಲ್ಲಿ ಸರದಿ ಮೇಲೆ ಬಡಿಸಿ. ಮಳೆ ಬಂದರೆ ಎಲ್ಲಿ ಅಂತ ಈಗಲೇ ಗೊತ್ತುಮಾಡಿ. ಶೌಚಾಲಯಕ್ಕೆ ಬ್ಲೀಚಿಂಗ್ ಪೌಡರ್ ಸಾಕು, ಆ್ಯಸಿಡ್ ಜೊತೆ ಬೆರೆಸಬೇಡಿ, ವಿಷಗಾಳಿ ಏಳುತ್ತೆ.

ಎಷ್ಟು ಕೇಸ್ ಬಂದರೆ ಆ ತರಗತಿ ಎಷ್ಟು ದಿನ ಬಂದ್, ಪೋಷಕರಿಗೆ ಯಾರು ಫೋನ್ ಮಾಡಬೇಕು, ಇವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಯೇ ಸಭೆ ಮುಗಿಸಿ. ಕೇಸ್ ಬಂದ ದಿನ ಕೂತು ಚರ್ಚಿಸಿದರೆ ಇಡೀ ಶಾಲೆಗೇ ಬೀಗ ಬೀಳುತ್ತೆ.