ಹಳೇ ಹೆವಿವೇಟ್‌ಗಳನ್ನು ತೂಗುವ ಮೊದಲು ನಿಮ್ಮ ಹುಟ್ಟಿದ ವರ್ಷ ಹೇಳಿ

ಯಾರಾದರೂ ‘ಆ ಕಾಲದ ಹೆವಿವೇಟ್ ಬಾಕ್ಸರ್‌ಗಳ ಮುಂದೆ ಈಗಿನವರೆಲ್ಲ ಯಾವ ಲೆಕ್ಕ?’ ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಹುಟ್ಟಿದ ವರ್ಷ ಕೇಳುತ್ತೇನೆ. ಅದಕ್ಕೆ ಹದಿನಾಲ್ಕೋ ಹದಿನೈದೋ ಕೂಡಿಸಿದರೆ ಸಾಕು, ಅವರ ಪಟ್ಟಿಯ ಮೊದಲ ಹೆಸರು ಯಾರದು ಅಂತ ಬಹುತೇಕ ಗೊತ್ತಾಗಿಬಿಡುತ್ತದೆ. ನಮ್ಮ ಚಿಕ್ಕಪ್ಪನಿಗೆ ಮುಹಮ್ಮದ್ ಅಲಿ. ಅಕ್ಕನ ಮಗನಿಗೆ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. ನನಗೆ ಮೈಕ್ ಟೈಸನ್. 1986ರ ನವೆಂಬರ್‌ನಲ್ಲಿ, ಬರೀ ಇಪ್ಪತ್ತನೇ ವಯಸ್ಸಿಗೆ, ಟೈಸನ್ ಎರಡೇ ರೌಂಡಿನಲ್ಲಿ ಟ್ರೆವರ್ ಬರ್ಬಿಕ್‌ನನ್ನು ಮಲಗಿಸಿ ಪಟ್ಟ ಗೆದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ಟೈಸನ್‌ನ ಹುಕ್ (ಪಕ್ಕದಿಂದ ಬಳಸಿ ಬರುವ ಗುದ್ದು) ತಿಂದ ಬರ್ಬಿಕ್ ಏಳುತ್ತಾನೆ, ತೂರಾಡುತ್ತಾನೆ, ಮತ್ತೆ ಬೀಳುತ್ತಾನೆ. ಆ ವಯಸ್ಸಿನಲ್ಲಿ ಅದನ್ನು ನೋಡಿದವನಿಗೆ ಇನ್ನೊಬ್ಬ ಬಾಕ್ಸರ್ ಕಣ್ಣಿಗೆ ಕಾಣುತ್ತಾನಾ?

ಅಭಿಮಾನಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ‘ಎಲ್ಲ ಕಾಲದಲ್ಲೂ ಯಾರು ದೊಡ್ಡವನು’ ಅಂತ ತೀರ್ಪು ಕೊಡಲು ಕೂತರೆ ಸ್ವಲ್ಪ ಕೆಲಸ ಮಾಡಬೇಕು. ನಾನು ಮಾಡುವ ರೀತಿ ಇದು.

ಮೊದಲು ನಿಮ್ಮ ಜಾತಕ

ಹಾಳೆಯ ಮೇಲ್ತುದಿಯಲ್ಲಿ ಮೂರು ಸಂಗತಿ ಬರೆಯಿರಿ. ನೀವು ಹುಟ್ಟಿದ ವರ್ಷ. ನೀವು ಮೊದಲು ಮನಸೋತ ಬಾಕ್ಸರ್. ಕಂಡರೆ ಆಗದ ಬಾಕ್ಸರ್. ಮೂರನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಅದೇ ಮುಖ್ಯ.

‘ನನಗೆ ಬಾಕ್ಸಿಂಗ್ ಚೆನ್ನಾಗಿ ಗೊತ್ತು, ನನಗೆ ಇದೆಲ್ಲ ಬೇಡ’ ಅನ್ನುವವರು ನ್ಯಾಟ್ ಫ್ಲೈಶರ್ ಪಟ್ಟಿ ನೋಡಬೇಕು. 1922ರಲ್ಲಿ ‘ದಿ ರಿಂಗ್’ ಪತ್ರಿಕೆ ಶುರು ಮಾಡಿ, 1972ರಲ್ಲಿ ತೀರಿಕೊಳ್ಳುವವರೆಗೆ ಅದರ ಜೊತೆಗೇ ಬದುಕಿದವರು ಅವರು. ಅವರಷ್ಟು ಹೊಡೆದಾಟ ಕಣ್ಣಾರೆ ಕಂಡವರು ಸಿಗುವುದು ಕಷ್ಟ. 1950ರ ದಶಕದ ಕೊನೆಯಲ್ಲಿ ಅವರು ಕೊಟ್ಟ ಹೆವಿವೇಟ್ ಪಟ್ಟಿ ಹೀಗಿತ್ತು: ಜ್ಯಾಕ್ ಜಾನ್ಸನ್, ಜಿಮ್ ಜೆಫ್ರೀಸ್, ಬಾಬ್ ಫಿಟ್ಜ್‌ಸಿಮನ್ಸ್, ಜ್ಯಾಕ್ ಡೆಂಪ್ಸಿ, ಜೇಮ್ಸ್ ಕಾರ್ಬೆಟ್. ಇವರ ನಂತರ ಆರನೆಯವನಾಗಿ ಜೋ ಲೂಯಿಸ್. ಸೋಲೇ ಕಾಣದ ರಾಕಿ ಮಾರ್ಸಿಯಾನೋ ಹತ್ತನೆಯವನು. ಮುಂದೆ ಅಲಿ ಬಂದ, ಫ್ರೇಜಿಯರ್ ಬಂದ. ಇಬ್ಬರಿಗೂ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಈಗ ಲೆಕ್ಕ ಹಾಕಿ. ಫ್ಲೈಶರ್ ಹುಟ್ಟಿದ್ದು 1887ರಲ್ಲಿ. ಜೆಫ್ರೀಸ್ ಪಟ್ಟ ಗೆದ್ದ 1899ರಲ್ಲಿ ಅವರಿನ್ನೂ ಹುಡುಗ. ಜಾನ್ಸನ್ ಚಾಂಪಿಯನ್ ಆದ 1908ರಲ್ಲಿ ಅವರಿಗೆ ಇಪ್ಪತ್ತೊಂದು. ಹದಿಹರೆಯದಿಂದ ಇಪ್ಪತ್ತರ ಹರೆಯದವರೆಗಿನ ನೆನಪುಗಳೇ ಜೀವನಪೂರ್ತಿ ಗಟ್ಟಿಯಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರು ಹೇಳುವುದು ಇದನ್ನೇ. ಅರ್ಧ ಶತಮಾನದ ಅನುಭವವೂ ಆ ಮನುಷ್ಯನನ್ನು ಇದರಿಂದ ಪಾರು ಮಾಡಲಿಲ್ಲ. ನಾನೂ ನೀವೂ ಯಾವ ಊರ ದೊಡ್ಡವರು?

(ಜಾನ್ಸನ್ ಮೊದಲಿಗನಾಗಲು ಯೋಗ್ಯನಲ್ಲ ಅಂತ ನಾನು ಹೇಳುತ್ತಿಲ್ಲ. ಎದುರಾಳಿಯ ಗುದ್ದನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸುವ ಅವನ ಕಲೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಲೂಯಿಸ್‌ಗಿಂತ ಮೇಲೆ ಕಾರ್ಬೆಟ್? ಅದು ನೆನಪಿನ ಕೆಲಸ.)

ಪೂರ್ತಿ ನೋಡಿ, ಸದ್ದು ನಿಲ್ಲಿಸಿ

ಮೂರು ನಿಮಿಷದ ನಾಕೌಟ್ ತುಣುಕುಗಳನ್ನು ನೋಡಿ ತೀರ್ಪು ಕೊಡಬೇಡಿ. ಇದರಿಂದ ಅತಿ ಜಾಸ್ತಿ ಲಾಭವಾಗಿರುವುದು ನನ್ನ ಟೈಸನ್‌ಗೇ. 1988ರಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಅದಕ್ಕೂ ಮೊದಲು ಜೇಮ್ಸ್ ಟಿಲಿಸ್ ಮತ್ತು ಮಿಚ್ ಗ್ರೀನ್ ಹತ್ತು ರೌಂಡು ನಿಂತಿದ್ದರು. 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ಹನ್ನೆರಡು ರೌಂಡು ತಬ್ಬಿಕೊಂಡೇ ಕಳೆದ. ಅದೇ ವರ್ಷ ಟೋನಿ ಟಕರ್ ಕೂಡ ಕೊನೆಯವರೆಗೂ ನಿಂತ. ಇವನ್ನು ಯಾರೂ ಕೂತು ನೋಡುವುದಿಲ್ಲ. ಎತ್ತರದವನು ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಗುದ್ದು) ಹಾಕುತ್ತಾ, ಹತ್ತಿರ ಬಂದ ಕೂಡಲೇ ಹಿಡಿದುಕೊಂಡರೆ ಟೈಸನ್‌ಗೆ ಏನಾಗುತ್ತಿತ್ತು ಅನ್ನುವುದು ಅಲ್ಲೇ ಕಾಣುತ್ತದೆ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಗೆದ್ದದ್ದು ಆಕಾಶದಿಂದ ಉದುರಿದ ಆಶ್ಚರ್ಯ ಅಲ್ಲ.

ವೀಕ್ಷಕ ವಿವರಣೆಯನ್ನು ಮ್ಯೂಟ್ ಮಾಡಿ. ಪೆನ್ನು ಹಿಡಿದು ಪ್ರತಿ ರೌಂಡಿಗೂ ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು ಬರೆಯಿರಿ. ಬಿದ್ದರೆ ಇನ್ನೊಂದು ಕಡಿಮೆ. ರೌಂಡ್ ಮುಗಿದ ತಕ್ಷಣ ಬರೆಯಬೇಕು, ಕೊನೆಗೆ ಅಲ್ಲ.

1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ನಡೆದ ಪಂದ್ಯದಿಂದ ಅಭ್ಯಾಸ ಶುರು ಮಾಡಬಹುದು. ಅಲಿಗೆ 32, ಜಾರ್ಜ್ ಫೋರ್‌ಮನ್‌ಗೆ 25. ಎಲ್ಲರ ಬಾಯಲ್ಲಿರುವ ಕಥೆ ಏನು? ಅಲಿ ಏಳು ರೌಂಡು ಹಗ್ಗಕ್ಕೆ ಒರಗಿ ಸುಮ್ನೆ ಏಟು ತಿಂದ, ಫೋರ್‌ಮನ್ ಸುಸ್ತಾದ, ಎಂಟನೆಯದರಲ್ಲಿ ಪವಾಡ ನಡೆಯಿತು. ಈಗ ಸದ್ದು ನಿಲ್ಲಿಸಿ ನೋಡಿ. ಮೊದಲ ರೌಂಡಿನಲ್ಲಿ ಅಲಿ ತಾನೇ ಮುಂದೆ ಹೋಗಿ, ಜ್ಯಾಬ್ ಹಾಕದೆ, ನೇರವಾಗಿ ಬಲಗೈಯಿಂದ ಮುಖಕ್ಕೆ ಹೊಡೆಯುತ್ತಾನೆ. ಹಗ್ಗಕ್ಕೆ ಒರಗುವುದು ಎರಡನೇ ರೌಂಡಿನಿಂದ. ಐದನೆಯದು ನೋಡಲೇಬೇಕಾದ ರೌಂಡು. ಫೋರ್‌ಮನ್ ಬಡಿಯುತ್ತಲೇ ಇರುತ್ತಾನೆ, ಬಹುಪಾಲು ಅಲಿಯ ತೋಳಿಗೂ ಮೊಣಕೈಗೂ ಬೀಳುತ್ತದೆ. ಕೊನೆಯ ಅರ್ಧ ನಿಮಿಷದಲ್ಲಿ ಅಲಿ ತಿರುಗಿಬಿದ್ದು ಮುಖಕ್ಕೆ ಸಾಲಾಗಿ ಕೊಡುತ್ತಾನೆ, ಫೋರ್‌ಮನ್‌ನ ತಲೆ ಹಿಂದಕ್ಕೆ ಹೋಗುತ್ತದೆ. ಅಂಕ ಕೂಡಿ ನೋಡಿದರೆ ಎಂಟನೇ ರೌಂಡಿನ ಹೊತ್ತಿಗೆ ಅಲಿಯೇ ಮುಂದಿದ್ದಾನೆ. ಮೂವರು ತೀರ್ಪುಗಾರರ ಚೀಟಿಯಲ್ಲೂ ಹಾಗೇ ಇತ್ತು. ಪವಾಡದ ಕಥೆ ಕೇಳಲು ಚೆಂದ, ಆದರೆ ಅದು ಅಲಿಯ ಬಾಕ್ಸಿಂಗ್ ಅನ್ನು ನಿಜಕ್ಕಿಂತ ಸಣ್ಣದು ಮಾಡುತ್ತದೆ.

ಅಲಿ ಭಕ್ತರಿಗೆ ಇನ್ನೊಂದು ಮನೆಗೆಲಸ. 1976ರಲ್ಲಿ ಜಿಮ್ಮಿ ಯಂಗ್ ಜೊತೆ ನಡೆದದ್ದು, ಅದೇ ವರ್ಷ ಯಾಂಕೀ ಸ್ಟೇಡಿಯಂನಲ್ಲಿ ಕೆನ್ ನಾರ್ಟನ್ ಜೊತೆ ನಡೆದ ಮೂರನೆಯ ಪಂದ್ಯ. ಎರಡರಲ್ಲೂ ಗೆದ್ದದ್ದು ಅಲಿ ಅಂತ ದಾಖಲೆ ಇದೆ. ನಿಮ್ಮ ಚೀಟಿ ಏನು ಹೇಳುತ್ತದೆ ನೋಡಿ. ನಮ್ಮ ಚಿಕ್ಕಪ್ಪ ಇವೆರಡನ್ನು ಅಂಕ ಬರೆದುಕೊಂಡು ನೋಡಲು ಇವತ್ತಿಗೂ ಒಪ್ಪಿಲ್ಲ. ‘ಲೇ, ಅದೆಲ್ಲ ಯಾಕೋ ನಿಂಗೆ?’ ಅನ್ನುತ್ತಾರೆ.

ಬಾಯಿಂದ ಬಾಯಿಗೆ ಊದಿಕೊಂಡ ಕಥೆಗಳು

ಒಂದು ಕಥೆ ತುಂಬಾ ಸೊಗಸಾಗಿದ್ದರೆ ಗಡಿಯಾರ ತೆಗೆಯಿರಿ. 1963ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಹೆನ್ರಿ ಕೂಪರ್ ನಾಲ್ಕನೇ ರೌಂಡಿನ ಕೊನೆಯಲ್ಲಿ ಎಡಗೈ ಹುಕ್‌ನಿಂದ ಅಲಿಯನ್ನು (ಆಗಿನ್ನೂ ಕ್ಯಾಶಿಯಸ್ ಕ್ಲೇ) ಉರುಳಿಸಿದ. ಅಲಿಯ ಕೋಚ್ ಆಂಜೆಲೊ ಡಂಡಿ ಗ್ಲೌಸ್ ಹರಿದಿದೆ ಅಂತ ರೆಫರಿಗೆ ತೋರಿಸಿದ. ಅದರಿಂದ ಅಲಿಗೆ ನಿಮಿಷಗಟ್ಟಲೆ ವಿಶ್ರಾಂತಿ ಸಿಕ್ಕಿತು, ಇಲ್ಲದಿದ್ದರೆ ಅಲಿ ಅವತ್ತೇ ಮುಗಿದಿದ್ದ ಅನ್ನುವುದು ದಶಕಗಳ ಕಾಲ ಓಡಿದ ಕಥೆ. ಚಿತ್ರೀಕರಣ ಇಟ್ಟು ಅಳೆದರೆ ಒಂದು ನಿಮಿಷದ ವಿರಾಮ ಹಿಗ್ಗಿದ್ದು ಕೆಲವೇ ಸೆಕೆಂಡು. ನಿಜವಾದ ಕಳ್ಳಾಟ ಬೇರೆ ಇತ್ತು: ಮಂಪರು ಬಿಡಿಸಲು ಅಲಿಯ ಮೂಗಿಗೆ ಘಾಟಿನ ಉಪ್ಪು ಹಿಡಿದದ್ದು. ಬ್ರಿಟನ್ನಿನಲ್ಲಿ ಅದಕ್ಕೆ ಅನುಮತಿ ಇರಲಿಲ್ಲ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಯಾಕೆಂದರೆ ಹರಿದ ಗ್ಲೌಸೇ ಕೇಳಲು ರುಚಿ.

1927ರಲ್ಲಿ ಚಿಕಾಗೋದಲ್ಲಿ ನಡೆದ ಡೆಂಪ್ಸಿ ಮತ್ತು ಜೀನ್ ಟನಿ ಪಂದ್ಯವೂ ಹಾಗೇ. ಏಳನೇ ರೌಂಡಿನಲ್ಲಿ ಟನಿ ಬಿದ್ದ. ಡೆಂಪ್ಸಿ ಮೂಲೆಗೆ ಹೋಗಲು ತಡ ಮಾಡಿದ್ದರಿಂದ ರೆಫರಿಯ ಹತ್ತರ ಎಣಿಕೆ ತಡವಾಯಿತು, ಎದ್ದೇಳಲು ಟನಿಗೆ ಸುಮಾರು 14 ಸೆಕೆಂಡು ಸಿಕ್ಕಿತು. ಇದು ಎಲ್ಲರಿಗೂ ಗೊತ್ತು. ಮುಂದಿನ ರೌಂಡಿನಲ್ಲೇ ಟನಿ ಡೆಂಪ್ಸಿಯನ್ನು ಕೆಡವಿದ್ದು, ಹಿಂದಿನ ವರ್ಷವೂ ಟನಿಯೇ ಗೆದ್ದಿದ್ದು ಎಷ್ಟು ಜನರಿಗೆ ಗೊತ್ತು?

ಹಳೇ ಫಿಲ್ಮಿನ ಮೋಸ

ಇದು ಉಲ್ಟಾ ರೋಗ. ಹೊಸ ಹುಡುಗರು 1910ರ ಫಿಲ್ಮು ನೋಡಿ ‘ಇವರಿಗೆ ಗುದ್ದೋಕೇ ಬರಲ್ಲ’ ಅಂತ ನಗುತ್ತಾರೆ. ಆಗಿನ ಕ್ಯಾಮೆರಾ ಸೆಕೆಂಡಿಗೆ ಕಡಿಮೆ ಚಿತ್ರ ತೆಗೆಯುತ್ತಿತ್ತು. ಅದನ್ನು ಈಗಿನ ವೇಗದಲ್ಲಿ ಓಡಿಸಿದರೆ ರೆಫರಿಯೂ ಕೋಳಿಮರಿಯ ಹಾಗೆ ಓಡಾಡುತ್ತಾನೆ. ಪರೀಕ್ಷೆ ಸುಲಭ. ಕತ್ತರಿಸದ ಒಂದು ಪೂರ್ತಿ ರೌಂಡು ಮೂರು ನಿಮಿಷಕ್ಕಿಂತ ಬೇಗ ಮುಗಿದರೆ ವೇಗ ಹೆಚ್ಚಾಗಿದೆ ಅಂತ ಅರ್ಥ. ಪ್ಲೇಬ್ಯಾಕ್ ವೇಗ ಇಳಿಸಿ, ಜನ ಸಹಜವಾಗಿ ನಡೆಯುವ ತನಕ.

ಕಾಣದಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1908ರಲ್ಲಿ ಸಿಡ್ನಿಯಲ್ಲಿ ಜಾನ್ಸನ್ ಟಾಮಿ ಬರ್ನ್ಸ್‌ನನ್ನು ಸೋಲಿಸಿದಾಗ ಕೊನೆಯ ಗಳಿಗೆಯಲ್ಲಿ ಕ್ಯಾಮೆರಾ ನಿಲ್ಲಿಸಿಬಿಟ್ಟರು. 1910ರಲ್ಲಿ ರೀನೋದಲ್ಲಿ ಅವನು ಜೆಫ್ರೀಸ್‌ನನ್ನು ಸೋಲಿಸಿದ ಮೇಲೆ ಅಮೆರಿಕದ ಊರೂರುಗಳಲ್ಲಿ ಗಲಭೆಯಾಯಿತು. 1912ರಲ್ಲಿ ಬಾಕ್ಸಿಂಗ್ ಫಿಲ್ಮುಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಕಾನೂನೇ ಬಂತು. ಅದು ಹೋದದ್ದು 1940ರಲ್ಲಿ. ಸ್ಯಾಮ್ ಲ್ಯಾಂಗ್‌ಫರ್ಡ್, ಹ್ಯಾರಿ ವಿಲ್ಸ್ ತರಹದ ಕಪ್ಪು ಬಾಕ್ಸರ್‌ಗಳಿಗೆ ಹೆವಿವೇಟ್ ಪಟ್ಟಕ್ಕೆ ಹೊಡೆದಾಡುವ ಅವಕಾಶವೇ ಸಿಗಲಿಲ್ಲ. ಡೆಂಪ್ಸಿ ಏಳು ವರ್ಷ ಚಾಂಪಿಯನ್ ಆಗಿದ್ದ, ವಿಲ್ಸ್ ಜೊತೆ ಒಮ್ಮೆಯೂ ರಿಂಗ್‌ಗೆ ಇಳಿಯಲಿಲ್ಲ. ಆದ್ದರಿಂದ ಆ ಕಾಲದ ಯಾವುದೇ ಚಾಂಪಿಯನ್ ಹೆಸರಿನ ಪಕ್ಕ ನಾನು ‘ಯಾರ ಜೊತೆ ಆಡಲಿಲ್ಲ’ ಅನ್ನುವ ಕಾಲಂ ಒಂದು ಹಾಕುತ್ತೇನೆ.

ಅಂಕಿ ನೋಡಿ ಮರುಳಾಗಬೇಡಿ

ಮಾರ್ಸಿಯಾನೋ 49 ಗೆಲುವು, ಸೊನ್ನೆ ಸೋಲು. ಎದುರಾಳಿಗಳ ವಯಸ್ಸು ಪಕ್ಕದಲ್ಲಿ ಬರೆಯಿರಿ. 1951ರಲ್ಲಿ ಸೋತ ಜೋ ಲೂಯಿಸ್‌ಗೆ 37. 1952ರಲ್ಲಿ ಜರ್ಸಿ ಜೋ ವಾಲ್ಕಾಟ್‌ಗೆ 38. 1955ರಲ್ಲಿ ಆರ್ಚಿ ಮೂರ್‌ಗೆ ಅವನ ಲೆಕ್ಕದಲ್ಲಿ 38, ಅವನ ತಾಯಿಯ ಲೆಕ್ಕದಲ್ಲಿ 41. ಇದರಿಂದ ಮಾರ್ಸಿಯಾನೋ ಚಿಕ್ಕವನಾಗುವುದಿಲ್ಲ. ಎದುರಿಗೆ ಬಂದವರನ್ನೆಲ್ಲ ಸೋಲಿಸಿದ. ಆದರೆ 49 ಅನ್ನುವ ಅಂಕಿ ಒಂದೇ ಎಲ್ಲವನ್ನೂ ಹೇಳುವುದಿಲ್ಲ, ಅಲ್ವಾ?

ನಿಯಮವನ್ನೂ ನೋಡಿ. ಆಗ ಪಟ್ಟದ ಪಂದ್ಯ ಹದಿನೈದು ರೌಂಡು, 1980ರ ದಶಕದಲ್ಲಿ ಹನ್ನೆರಡಾಯಿತು. 1941ರಲ್ಲಿ ಬಿಲಿ ಕಾನ್ ಹನ್ನೆರಡು ರೌಂಡಿನ ಹೊತ್ತಿಗೆ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಲೂಯಿಸ್‌ಗಿಂತ ಮುಂದಿದ್ದ, ಇನ್ನೊಬ್ಬರದ್ದು ಸಮ. ಹದಿಮೂರರಲ್ಲಿ ಲೂಯಿಸ್ ನಾಕೌಟ್ ಮಾಡಿದ. 1952ರಲ್ಲಿ ವಾಲ್ಕಾಟ್ ಕೂಡ ಮುಂದಿದ್ದ. ಅವನೂ ಹದಿಮೂರರಲ್ಲೇ ಮಾರ್ಸಿಯಾನೋನ ಒಂದೇ ಬಲಗೈ ಏಟಿಗೆ ಕುಸಿದ. ಈಗಿನ ನಿಯಮ ಇದ್ದಿದ್ದರೆ ಎರಡೂ ರಾತ್ರಿಯ ಫಲಿತಾಂಶ ಬೇರೆ ಆಗಬಹುದಿತ್ತು. ‘ಈಗಿನವರಿಗೆ ದಮ್ಮಿಲ್ಲ’ ಅನ್ನುವ ಮುಂಚೆ ಇದು ನೆನಪಿರಲಿ.

ಇನ್ನು ಗಾತ್ರ. ಮಾರ್ಸಿಯಾನೋ ಸುಮಾರು 85 ಕಿಲೋ. ಈಗ ಹೆವಿವೇಟ್‌ಗಿಂತ ಹಗುರದ ಕ್ರೂಸರ್‌ವೇಟ್ ವಿಭಾಗದ ಮಿತಿಯೇ 200 ಪೌಂಡ್, ಅಂದರೆ 90 ಕಿಲೋ ಮೇಲೆ. ‘ಮಾರ್ಸಿಯಾನೋ ಈ ಕಾಲದ ದೈತ್ಯ ಟೈಸನ್ ಫ್ಯೂರಿಯನ್ನು ಹೊಡೆಯುತ್ತಿದ್ದನಾ?’ ಅನ್ನುವುದು ಒಂದು ಪ್ರಶ್ನೆ. ‘ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ?’ ಅನ್ನುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಹಾಳೆ ಇಡಿ. ಜಗಳದಲ್ಲಿ ಅರ್ಧ ಅಲ್ಲೇ ನಿಂತುಹೋಗುತ್ತದೆ.

ಕಂಪ್ಯೂಟರ್‌ಗೆ ಕೊಟ್ಟರೆ ಪಕ್ಷಪಾತ ಇರಲ್ಲ ಅಂತೀರಾ? 1969ರಲ್ಲಿ ಮರ್ರೆ ವೊರೋನರ್ ಅನ್ನುವಾತ ಅದನ್ನೇ ಮಾಡಿದ. ಮಾರ್ಸಿಯಾನೋ ತೂಕ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದ. ಅಲಿಯ ಜೊತೆ ರಿಂಗ್‌ನಲ್ಲಿ ನಟಿಸಿದ. ಹಲವು ಬಗೆಯ ಕೊನೆಗಳನ್ನು ಚಿತ್ರೀಕರಿಸಿದರು. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರ್‌ಗಳಲ್ಲಿ ಹದಿಮೂರನೇ ರೌಂಡಿನಲ್ಲಿ ಮಾರ್ಸಿಯಾನೋ ಗೆದ್ದ. ಅದಕ್ಕೂ ಮೊದಲು ಇದೇ ವೊರೋನರ್ ರೇಡಿಯೋದಲ್ಲಿ ನಡೆಸಿದ ಕಂಪ್ಯೂಟರ್ ಟೂರ್ನಿಯಲ್ಲಿ ಅಲಿ ಜೆಫ್ರೀಸ್‌ಗೆ ಸೋತಿದ್ದ, ಸಿಟ್ಟಾಗಿ ಕೇಸ್ ಕೂಡ ಹಾಕಿದ್ದ. ಯಂತ್ರಕ್ಕೆ ಅಂಕಿ ತುಂಬುವವರು ಮನುಷ್ಯರೇ ತಾನೇ.

ಬೋರ್ ಹೊಡೆಸಿದವರಿಗೂ ನ್ಯಾಯ ಬೇಕು

ಲ್ಯಾರಿ ಹೋಮ್ಸ್ ಏಳು ವರ್ಷ ಚಾಂಪಿಯನ್ ಆಗಿದ್ದ, 48 ಪಂದ್ಯ ಸೋಲಿಲ್ಲದೆ ಗೆದ್ದ, ಹೆವಿವೇಟ್‌ಗಳಲ್ಲೇ ಅತ್ಯುತ್ತಮ ಅನ್ನಬಹುದಾದ ಜ್ಯಾಬ್ ಅವನದು. ಅವನ ಪಾಪ ಏನೆಂದರೆ ಅಲಿಯ ನಂತರ ಬಂದದ್ದು, 1980ರಲ್ಲಿ ಬಳಲಿದ ಅಲಿಯನ್ನು ಹೊಡೆದದ್ದು. ವ್ಲಾಡಿಮಿರ್ ಕ್ಲಿಚ್ಕೋ 2006ರಿಂದ 2015ರವರೆಗೆ ಪಟ್ಟ ಬಿಡಲಿಲ್ಲ, ಜನ ಆಕಳಿಸಿದರು. 2017ರಲ್ಲಿ, 41ನೇ ವಯಸ್ಸಿನಲ್ಲಿ, ವೆಂಬ್ಲಿಯಲ್ಲಿ ಆಂತೋನಿ ಜೋಶುವಾನನ್ನು ಕೆಡವಿ, ಕೊನೆಗೆ ತಾನೇ ಸೋತ ಮೇಲೆ ಹೊಗಳಲು ಶುರು ಮಾಡಿದರು!

ಆಯಾ ಕಾಲದ ಬೈಗುಳ ಓದುವುದು ಒಳ್ಳೆಯ ಔಷಧ. ಲೂಯಿಸ್ 25 ಸಲ ಪಟ್ಟ ಉಳಿಸಿಕೊಂಡ. ಆಗಿನ ಪತ್ರಕರ್ತರು ಅವನ ಎದುರಾಳಿಗಳನ್ನು ‘ತಿಂಗಳಿಗೊಬ್ಬ ನಾಲಾಯಕ್’ ಅಂತ ಆಡಿಕೊಳ್ಳುತ್ತಿದ್ದರು. ಇವತ್ತು ಅದನ್ನೇ ಸುವರ್ಣಯುಗ ಅನ್ನುತ್ತೇವೆ.

ಪಟ್ಟಿ ಬರೆಯುವಾಗ

ಒಂದು, ಎರಡು, ಮೂರು ಅಂತ ಬೇಡ, ಗುಂಪು ಮಾಡಿ. ನನ್ನ ಮೊದಲ ಗುಂಪಿನಲ್ಲಿ ಲೂಯಿಸ್, ಅಲಿ. ಎರಡನೆಯದರಲ್ಲಿ ಜಾನ್ಸನ್, ಮಾರ್ಸಿಯಾನೋ, ಫೋರ್‌ಮನ್, ಹೋಮ್ಸ್, ಲೆನಾಕ್ಸ್ ಲೂಯಿಸ್. ಟೈಸನ್ ಮೂರನೆಯದರಲ್ಲಿ, ಹೊಟ್ಟೆ ಉರಿದರೂ ಅಲ್ಲೇ. ಉಸಿಕ್‌ನನ್ನು ಇನ್ನೂ ಬರೆದಿಲ್ಲ. 2024ರ ಮೇನಲ್ಲಿ ರಿಯಾದ್‌ನಲ್ಲಿ ತನಗಿಂತ ಎಷ್ಟೋ ದಪ್ಪದ ಫ್ಯೂರಿಯನ್ನು ಅವನು ಸೋಲಿಸಿದ್ದು ಸಣ್ಣ ಮಾತಲ್ಲ. ಆದರೂ ಆಡುತ್ತಿರುವವನನ್ನು ನಾನು ಸೇರಿಸುವುದಿಲ್ಲ. ಅಕ್ಕನ ಮಗನಿಗೆ ಇದು ಒಪ್ಪಿಗೆಯಿಲ್ಲ. ಅವನ ಹಾಳೆ ಅವನದು.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಈ ಕ್ರಮ ಹಿಡಿಯಿರಿ: ಲೂಯಿಸ್ ಮತ್ತು ಕಾನ್ 1941, ಮಾರ್ಸಿಯಾನೋ ಮತ್ತು ವಾಲ್ಕಾಟ್ 1952, ಕಿನ್ಶಾಸಾ 1974, ಹೋಮ್ಸ್ ಮತ್ತು ನಾರ್ಟನ್ 1978, ಟೈಸನ್ ಮತ್ತು ಟಕರ್ 1987. ದಿನಕ್ಕೆ ಒಂದೇ. ಹೋಮ್ಸ್ ಮತ್ತು ನಾರ್ಟನ್ ನೋಡುವ ದಿನ ಹದಿನೈದನೇ ರೌಂಡಿಗೆ ಮುಂಚೆ ನಿಮ್ಮ ಅಂಕ ಕೂಡಿಟ್ಟುಕೊಳ್ಳಿ. ಅದು ಒಡೆದ ತೀರ್ಪು (ಇಬ್ಬರು ತೀರ್ಪುಗಾರರು ಒಬ್ಬನ ಕಡೆ, ಮೂರನೆಯವರು ಇನ್ನೊಬ್ಬನ ಕಡೆ), ಪಟ್ಟ ಯಾರಿಗೆ ಅಂತ ಆ ಮೂರು ನಿಮಿಷದಲ್ಲೇ ನಿರ್ಧಾರವಾಯಿತು.