ಮಗಳ ಹೆಸರಿಗೇ ಪ್ಲಾಟು ಖರೇದಿ ಮಾಡಿದ್ದು

ವಿಜಯಪುರದಲ್ಲಿ ಮಗಳ ಹೆಸರಿಗೆ ಒಂದು ಎನ್‌ಎ (ಕೃಷಿಯೇತರ) ಪ್ಲಾಟು ಖರೇದಿ ಮಾಡಿದ್ದೇನೆ. 30-40ರ ಪ್ಲಾಟು. ಅವಳಿನ್ನೂ ಒಂದನೇ ಕ್ಲಾಸು. ಗೊತ್ತಾದವರೆಲ್ಲ ಕೇಳುವುದು ಒಂದೇ ಮಾತು: ನಿಮ್ಮ ಹೆಸರಿಗೆ ಮಾಡಿಕೊಂಡು, ದೊಡ್ಡವಳಾದ ಮೇಲೆ ಕೊಟ್ಟರಾಗ್ತಿರಲಿಲ್ವಾ? ನಮ್ಮ ಅಣ್ಣ ಅಂತೂ ನೇರವಾಗಿಯೇ ಅಂದ: “ತಮ್ಮಾ, ನಾಳೆ ರೊಕ್ಕದ ಅಡಚಣಿ ಬಂತಂದ್ರ ಮಾರಾಕ ಬರಂಗಿಲ್ಲ ನೋಡು. ಕೋರ್ಟಿಗೆ ಅಡ್ಡಾಡಬೇಕಾಗ್ತದ.”

ಅಣ್ಣ ಹೇಳಿದ್ದು ಖರೆ. ನನಗೆ ಬೇಕಾಗಿದ್ದೂ ಅದೇ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ, ಮಗುವಿನ ಸ್ವಂತ ಆಸ್ತಿಯನ್ನು ಹೆತ್ತವರು ಕೂಡ ಕೋರ್ಟಿನ ಪರವಾನಗಿ ಇಲ್ಲದೆ ಮಾರುವ ಹಾಗಿಲ್ಲ, ಒತ್ತೆ ಇಡುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ. 5 ವರ್ಷಕ್ಕಿಂತ ಜಾಸ್ತಿ ಲೀಸಿಗೂ ಕೊಡುವ ಹಾಗಿಲ್ಲ. ಮಗುವಿಗೆ ಅದು ಬೇಕೇ ಬೇಕು, ಇಲ್ಲವೇ ಮಗುವಿಗೆ ಅದರಿಂದ ಒಳ್ಳೆಯದಾಗುತ್ತದೆ ಅಂತ ಕಂಡರಷ್ಟೇ ಕೋರ್ಟ್ ಒಪ್ಪುತ್ತದೆ. ಪ್ಲಾಟು ನನ್ನ ಹೆಸರಿನಲ್ಲಿದ್ದರೆ ಏನಾಗುತ್ತಿತ್ತು? ಯಾರದೋ ಮದುವೆ, ಯಾರದೋ ಅಂಗಡಿ ಸಾಲ, ದ್ರಾಕ್ಷಿ ಕೈಕೊಟ್ಟ ವರ್ಷ, ಎಲ್ಲರ ಕಣ್ಣು ಮೊದಲು ಬೀಳುವುದು ಖಾಲಿ ಬಿದ್ದ ಜಾಗದ ಮೇಲೆ. ಮನೆಯವರ ಕಷ್ಟಕ್ಕೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆ ‘ಇಲ್ಲ’ವನ್ನು ಕಾನೂನೇ ಹೇಳಲಿ ಅಂತ ನಾನೂ ಹೆಂಡತಿಯೂ ಕೂತು ತೀರ್ಮಾನ ಮಾಡಿದೆವು.

ಹಾಗಂತ ಇದ್ದ ರೊಕ್ಕವನ್ನೆಲ್ಲ ಮಣ್ಣಿಗೆ ಹಾಕಲಿಲ್ಲ. ಓದಿನ ಖರ್ಚು 18 ತುಂಬುವವರೆಗೆ ಕಾಯುವುದಿಲ್ಲ. ಶಾಲೆ ಫೀಸಿಗೆ ಬೇರೆ ಉಳಿತಾಯ ಇದೆ. ಕಾಲೇಜಿಗೆ ಅಂತ ಸುಕನ್ಯಾ ಸಮೃದ್ಧಿ ಖಾತೆ ಇದೆ. ಹುಡುಗಿಗೆ 10 ವರ್ಷ ಆಗುವುದರೊಳಗೆ ಅದನ್ನು ತೆಗೆಯಬೇಕು, ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. 18 ಆದ ಮೇಲೆ ಅಥವಾ ಹತ್ತನೇ ಕ್ಲಾಸ್ ಪಾಸಾದ ಮೇಲೆ ಓದಿಗೆ ಅಂತ ಅರ್ಧದವರೆಗೆ ತೆಗೆಯಬಹುದು. ಇಷ್ಟೆಲ್ಲ ಆಗಿ, ಎಂದೂ ಕೈ ಹಚ್ಚಬೇಕಾಗಿಲ್ಲ ಅನ್ನುವ ಗಂಟು ಯಾವುದಿತ್ತೋ ಅದಷ್ಟೇ ಪ್ಲಾಟಿಗೆ ಹೋಯಿತು. ಸಾಲದ ಯೋಚನೆ ಮಾಡಲೇ ಇಲ್ಲ. ಒತ್ತೆ ಇಡಲು ಬಾರದ ಜಾಗಕ್ಕೆ ಬ್ಯಾಂಕಿನವರು ಸಾಲ ಯಾಕೆ ಕೊಡುತ್ತಾರೆ?

ಜಾಗ ಹುಡುಕುವಾಗ ನಮ್ಮೂರಲ್ಲಿ ಒಂದು ವಿಷಯ ತಪ್ಪದೆ ನೋಡಬೇಕು. ಇಲ್ಲಿ ಗೋಲಗುಮ್ಮಟ, ಇಬ್ರಾಹಿಂ ರೋಜಾ ಅಷ್ಟೇ ಅಲ್ಲ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು ಊರ ತುಂಬ ಇವೆ. ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಸೋವಿ ಸಿಕ್ಕಿತು ಅಂತ ಅಂಥ ಕಡೆ ತಗೊಂಡರೆ ಮಗಳು ಮನೆ ಕಟ್ಟುವುದು ಯಾವಾಗ?

ಎರಡನೆಯದು ಮಣ್ಣು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬ್ಯಾಸಗಿಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬುನಾದಿಗೆ ಖರ್ಚು ಜಾಸ್ತಿ. ಮಾತು ಮುಗಿಸುವ ಮೊದಲು ಮಾಲೀಕರನ್ನು ಕೇಳಿ ಒಂದು ಮೂಲೆಯಲ್ಲಿ ಗುಂಡಿ ತೋಡಿಸಿದೆ. ಎದೆಯುದ್ದ ಇಳಿಯುವುದರೊಳಗೆ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು ಸಿಕ್ಕಿತು. ಆಗ ಸಂಚಕಾರ (ಮುಂಗಡ) ಕೊಟ್ಟೆ.

ಕಾಗದಪತ್ರದಲ್ಲಿ ನಾನು ಜಾಸ್ತಿ ಹಟ ಹಿಡಿದದ್ದು ಸಹಿಗಳ ವಿಷಯಕ್ಕೆ. ಎನ್‌ಎ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಇ-ಖಾತೆ, ಋಣಭಾರ ಪತ್ರ, ಇವನ್ನು ಎಲ್ಲರೂ ನೋಡುತ್ತಾರೆ. ನಮಗೆ ಪ್ಲಾಟು ಮಾರಿದವರ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ಅಂದ ಮೇಲೆ ಅವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಣ್ಣತಮ್ಮಂದಿರು ಮಾತ್ರ “ಅಕ್ಕತಂಗೇರು ಏನೂ ಅನ್ನಂಗಿಲ್ರಿ, ನಾವs ಸಹಿ ಮಾಡ್ತೀವಿ” ಅಂದರು. ಅವರು ಏನೂ ಅನ್ನದಿರಬಹುದು. ಆದರೆ ಮಗಳಿಗೆ ಕೊಡುವ ಜಾಗವನ್ನು ಇನ್ನೊಬ್ಬರ ಮಗಳ ಪಾಲು ಮುಚ್ಚಿಟ್ಟು ತಗೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಸೋಲಾಪುರಕ್ಕೆ ಕೊಟ್ಟಿದ್ದ ತಂಗಿ ಬರುವವರೆಗೂ ನೋಂದಣಿ ಮುಂದಕ್ಕೆ ಹಾಕಿದೆವು. ಆಕೆ ಬಂದು, ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಯಂತ್ರದ ಮೇಲಿಟ್ಟರು. ತಮ್ಮ ಪಾಲಿನ ಹಣವನ್ನು ತಮ್ಮ ಖಾತೆಗೇ ಹಾಕಿಸಿಕೊಂಡರು. ಅದನ್ನು ನೋಡಿ ನನಗೆ ನಿಜಕ್ಕೂ ಸಮಾಧಾನ ಆಯಿತು.

ನೋಂದಣಿಗೆ ಮಗಳ ಜನನ ಪ್ರಮಾಣಪತ್ರ, ಆಧಾರ್, ಫೋಟೋ, ಜೊತೆಗೆ ನನ್ನ ಪ್ಯಾನ್, ಆಧಾರ್. ಖರೇದಿ ಪತ್ರದಲ್ಲಿ ಖರೀದಿದಾರಳು ಅವಳೇ, ‘ಅ.ಪಾ.ಕ. ತಂದೆ’, ಅಂದರೆ ಅಪ್ರಾಪ್ತ ಮಗಳ ಪಾಲಕ ಅಂತ ನನ್ನ ಹೆಸರು. ಹಣ ನನ್ನ ಸಂಬಳದ ಉಳಿತಾಯದ್ದು, ಮಗಳ ಸಲುವಾಗಿ ನಾನೇ ಕೊಟ್ಟಿದ್ದು ಅಂತ ಒಂದು ಸಾಲು ಬರೆಸಿದೆ, ಬ್ಯಾಂಕಿನ ವಿವರವನ್ನೂ ಹಾಕಿಸಿದೆ. ಹಣದ ಮೂಲ ಸ್ಪಷ್ಟ ಇದ್ದರೆ ಮಕ್ಕಳ ಹೆಸರಿಗೆ ಕೊಂಡಿದ್ದು ಬೇನಾಮಿ ಆಗುವುದಿಲ್ಲ. ಖರ್ಚಿನ ಲೆಕ್ಕ ಹಾಕುವವರಿಗೆ: ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಊರೊಳಗೆ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2.

ಖರೇದಿ ಆದ ಮೇಲೆ ಸುಮ್ನೆ ಕೂರಲಿಲ್ಲ. ಖಾತೆ ಅವಳ ಹೆಸರಿಗೆ ಮಾಡಿಸಿದೆ. ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ ತಂತಿ ಎಳೆಸಿದೆ. ವರ್ಷವರ್ಷ ಮಹಾನಗರ ಪಾಲಿಕೆಗೆ ಕರ ಕಟ್ಟಿ, ರಸೀದಿಗಳನ್ನು ಒಂದೇ ಫೈಲಿನಲ್ಲಿ ಇಡುತ್ತೇನೆ. ಫೈಲು ಎಲ್ಲಿದೆ ಅಂತ ಹೆಂಡತಿಗೂ ಗೊತ್ತು. 18 ತುಂಬಿದ ಮೇಲೆ ವಯಸ್ಸಿನ ದಾಖಲೆ ಕೊಟ್ಟು ಖಾತೆಯಿಂದ ನನ್ನ ಹೆಸರು ತೆಗೆಸಬೇಕು.

ಮೊನ್ನೆ ಒಬ್ಬರು ಸಿಮೆಂಟ್ ಚೀಲ ಇಡಲು ಶೆಡ್ ಹಾಕಿಕೊಳ್ಳುತ್ತೇವೆ, ಬಾಡಿಗೆ ಕೊಡುತ್ತೇವೆ ಅಂತ ಕೇಳಿದರು. ಬಾಡಿಗೆ ಬಂದರೂ ಅದು ಅಪ್ಪ-ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಕೂತವರನ್ನು ಎಬ್ಬಿಸುವ ಕೆಲಸ ಮುಂದೆ ಮಗಳ ತಲೆ ಮೇಲೆ ಬರುವುದು ಬೇಡ ಅನ್ನಿಸಿತು. ಕೊಡುವುದಿಲ್ಲ ಅಂದೆ.