ಗ್ರಿಡ್‌ನಲ್ಲಿ ಮೆಂಟರ್ ಜೊತೆ ಮೊದಲ ವರ್ಷ: ನೋಡಿ ಕಲಿಯುವುದು ಹೇಗೆ?

ಇಂಜಿನಿಯರಿಂಗ್ ಮುಗಿಸಿದವರಿಗೆ ಫಾಲ್ಟ್ ಕರೆಂಟ್ (ಲೈನಿನಲ್ಲಿ ದೋಷವಾದಾಗ ಹರಿಯುವ ಕರೆಂಟ್) ಲೆಕ್ಕ ಹಾಕಲು ಬರುತ್ತದೆ. ಆದರೆ ನಡುರಾತ್ರಿ ಲೈನ್ ಟ್ರಿಪ್ ಆಗಿ (ತಾನಾಗಿ ಬಂದ್ ಆಗಿ) ಅಲಾರಂ ಹೊಡೆದುಕೊಳ್ಳುವಾಗ ಮೊದಲು ಫೋನ್ ಎತ್ತಬೇಕಾ, ಪ್ಯಾನೆಲ್ ನೋಡಬೇಕಾ? ಇದನ್ನು ಕ್ಲಾಸಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ವಿದ್ಯುತ್ ಸಬ್‌ಸ್ಟೇಷನ್‌ನಲ್ಲೇ ಆಯುಷ್ಯ ಸವೆಸಿದ ಹಿರಿಯರ, ಅಂದರೆ ಮೆಂಟರ್‌ಗಳ, ಜೊತೆ ಓಡಾಡಿ ಕಲಿಯಬೇಕು.

ಹೀಗೆ ಕಲಿಯಲು ಉತ್ತರ ಕನ್ನಡದಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಕೈಗಾ ಅಣುಸ್ಥಾವರದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಜಲವಿದ್ಯುತ್ ಕೇಂದ್ರಗಳೂ ಇವೆ: ಕಾಳಿ ನದಿಗೆ ನಾಗಝರಿ, 120 ಮೆಗಾವಾಟ್‌ನ ಕೊಡಸಳ್ಳಿ, 150ರ ಕದ್ರಾ. ಹೊನ್ನಾವರದ ಕಡೆ ಶರಾವತಿಗೆ 240 ಮೆಗಾವಾಟ್‌ನ ಗೇರುಸೊಪ್ಪ. ಇಷ್ಟು ಕರೆಂಟನ್ನು ಕಾಡು, ಘಟ್ಟ ದಾಟಿಸಿ ಹೊರಗೆ ಕಳಿಸಬೇಕು. ಇತ್ತ ಕರಾವಳಿಯಲ್ಲಿ ಉಪ್ಪುಗಾಳಿ, ಅತ್ತ ಶಿರಸಿ ಮೇಲೆ ಮಳೆ, ಮರ. ಲೈನಿಗೆ ಬರುವ ಕಷ್ಟಗಳೆಲ್ಲ ಇಲ್ಲಿ ಒಂದೇ ವರ್ಷದಲ್ಲಿ ಕಣ್ಣಿಗೆ ಬೀಳುತ್ತವೆ.

ಒಳಗೆ ಹೋಗುವ ದಾರಿ

ಮೊದಲು ಯಾರ ಕೆಲಸ ಯಾವುದು ಎಂದು ತಿಳಿದುಕೊಳ್ಳಿ. ರಾಜ್ಯದೊಳಗಿನ ದೊಡ್ಡ ಲೈನುಗಳು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್‌ನವು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಲೈನುಗಳಲ್ಲಿ ಹೆಚ್ಚಿನವು ಕೇಂದ್ರ ಸರ್ಕಾರದ ಕಂಪನಿ ಪವರ್‌ಗ್ರಿಡ್‌ನವು. ಮನೆಗೆ, ಅಂಗಡಿಗೆ ಹಂಚುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಹೆಸ್ಕಾಂ. ಪದವೀಧರರಿಗೆ ಸಾಮಾನ್ಯ ದಾರಿ ಅಪ್ರೆಂಟಿಸ್ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾಗಿ ಪದವೀಧರರನ್ನೂ ಸೇರಿಸಲಾಯಿತು. ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ‘ನ್ಯಾಟ್ಸ್’ನ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಸಂಸ್ಥೆಗಳು ಅರ್ಜಿ ಕರೆದಾಗ ಹಾಕಬೇಕು. ಒಂದು ವರ್ಷ, ತಿಂಗಳಿಗೆ ಸ್ಟೈಪೆಂಡ್, ಕೊನೆಗೆ ಸರ್ಟಿಫಿಕೇಟ್. ಕೆಲಸ ಖಾಯಂ ಆಗುತ್ತದೆ ಎಂಬ ಭರವಸೆ ಇಲ್ಲ. ಅದನ್ನು ಮನೆಯವರಿಗೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೋಗುವ ಮುಂಚೆ

ಹತ್ತಿ ಬಟ್ಟೆ ಹಾಕಿ. ಪಾಲಿಯೆಸ್ಟರ್ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಉಂಗುರ, ಬಳೆ, ಕತ್ತಿನ ಸರ ಮನೆಯಲ್ಲಿರಲಿ. ದುಪಟ್ಟಾ ಕೂಡ ಬೇಡ. ಸೇಫ್ಟಿ ಶೂ, ಹೆಲ್ಮೆಟ್ ಇಲ್ಲದೆ ಯಾರ್ಡಿಗೆ (ಉಪಕರಣಗಳಿರುವ ಬಯಲಿಗೆ) ಕಾಲಿಡಬೇಡಿ, ಮೆಂಟರ್ ಅವರೇ ಬರಿತಲೆಯಲ್ಲಿ ಓಡಾಡುತ್ತಿದ್ದರೂ ಸರಿ. ಹಿರಿಯರಿಂದ ಎಲ್ಲವನ್ನೂ ಕಲಿಯಬೇಕು ಎಂದೇನಿಲ್ಲ ಅಲ್ವಾ?

ಹಾಗೇ ಆ ಸ್ಟೇಷನ್‌ನ ಸಿಂಗಲ್ ಲೈನ್ ಡಯಾಗ್ರಾಂ ಕೇಳಿ ಪಡೆಯಿರಿ. ಯಾವ ಲೈನ್ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ನೋಡದೆ ಬಿಡಿಸಲು ಬರಬೇಕು. ಇದಿಷ್ಟು ಬಂದರೆ ಉಳಿದ ಮಾತು ಅರ್ಥವಾಗುತ್ತದೆ.

ಮೊದಲ ವಾರ: ಕೈ ಕಟ್ಟಿ, ಕಣ್ಣು ಬಿಟ್ಟು

ಮೊದಲ ವಾರ ಯಾವುದನ್ನೂ ಮುಟ್ಟಬೇಡಿ, ಯಾವುದಕ್ಕೂ ಬೊಟ್ಟು ಮಾಡಬೇಡಿ. ಹೈ ವೋಲ್ಟೇಜಿನಲ್ಲಿ ತಂತಿ ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಸಾಕು, ಕರೆಂಟು ಹಾರಿ ಬರುತ್ತದೆ. ಛತ್ರಿ, ಉದ್ದದ ಪೈಪು, ಏಣಿ ಇವನ್ನೆಲ್ಲ ಯಾರ್ಡಿನಲ್ಲಿ ಎತ್ತಿ ಹಿಡಿಯುವಂತಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆಯ ಹುಡುಗರು ಮರೆಯುವುದು ಇದನ್ನೇ. ಛತ್ರಿ ಬಿಟ್ಟು ರೇನ್‌ಕೋಟ್ ತನ್ನಿ.

ಬೆಳಿಗ್ಗೆ ಮೆಂಟರ್ ಒಂದು ಸುತ್ತು ಹಾಕುತ್ತಾರೆ. ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಟ್ರಾನ್ಸ್‌ಫಾರ್ಮರ್ ಒಳಗೆ ಎಳೆಯುವ ಗಾಳಿಯ ತೇವ ಹೀರುವ ಬ್ರೀದರ್‌ನಲ್ಲಿ ಸಿಲಿಕಾ ಜೆಲ್ ನೀಲಿ ಇದೆಯಾ, ಗುಲಾಬಿಗೆ ತಿರುಗಿದೆಯಾ? ತಿರುಗಿದ್ದರೆ ಅದು ತೇವ ಕುಡಿದಾಗಿದೆ. ನಮ್ಮ ಜೂನ್-ಜುಲೈನ ಗಾಳಿಯಲ್ಲಿ ಬಹಳ ಬೇಗ ತಿರುಗುತ್ತದೆ. ಹೊಸ ಜೆಲ್ ಕೆಲವು ಕಡೆ ಕಿತ್ತಳೆ ಬಣ್ಣದ್ದಿರುತ್ತದೆ, ಗಾಬರಿ ಬೇಡ. ಆಯಿಲ್ ಮಟ್ಟ, ಆಯಿಲ್ ಮತ್ತು ವೈಂಡಿಂಗ್ ಉಷ್ಣತೆ, ಬ್ರೇಕರ್‌ನ (ಲೈನ್ ಬಂದ್ ಮಾಡುವ ದೊಡ್ಡ ಸ್ವಿಚ್) ಕಿಡಿ ಆರಿಸುವ ಎಸ್‌ಎಫ್6 ಗ್ಯಾಸಿನ ಒತ್ತಡ, ಸಿಡಿಲಿನಿಂದ ಕಾಯುವ ಲೈಟ್ನಿಂಗ್ ಅರೆಸ್ಟರ್‌ನ ಕೌಂಟರ್. ನಂತರ ಕಿವಿ. ಟ್ರಾನ್ಸ್‌ಫಾರ್ಮರ್ ಯಾವಾಗಲೂ ಗುಂಯ್‌ಗುಡುತ್ತದೆ. 50 ಹರ್ಟ್ಜ್ ಕರೆಂಟಿಗೆ ಆ ಸದ್ದು 100 ಹರ್ಟ್ಜ್‌ನದು. ಅದೇ ಸದ್ದನ್ನು ದಿನವೂ ಕೇಳಿದವರಿಗೆ ಮಾತ್ರ ಬೇರೆ ಸದ್ದು ಬೇರೆ ಎಂದು ಗೊತ್ತಾಗುತ್ತದೆ.

ಕಾಲಡಿಯ ಜಲ್ಲಿ ಸುಮ್ನೆ ಹಾಕಿದ್ದಲ್ಲ. ಫಾಲ್ಟ್ ಆದಾಗ ನೆಲದಲ್ಲಿ ಹರಿಯುವ ಕರೆಂಟಿನಿಂದ ಎರಡು ಪಾದಗಳ ನಡುವೆ ವೋಲ್ಟೇಜ್ ಬರುತ್ತದೆ. ಜಲ್ಲಿಯ ಪದರ ಮೈಯೊಳಗೆ ಹರಿಯುವ ಕರೆಂಟನ್ನು ಕಡಿಮೆ ಮಾಡುತ್ತದೆ. ಮಳೆಯಲ್ಲಿ ಜಲ್ಲಿ ಕೆಸರಿನಲ್ಲಿ ಹೂತುಹೋದರೆ ಆ ರಕ್ಷಣೆಯೂ ಹೋಯಿತು.

ಹೊಸಬರು ಕಡೆಗಣಿಸುವ ಕೋಣೆ ಬ್ಯಾಟರಿ ರೂಮ್. ಫಾಲ್ಟ್ ಗುರುತಿಸುವ ರಿಲೇ, ಬ್ರೇಕರ್ ತೆರೆಸುವ ಟ್ರಿಪ್ ಕಾಯಿಲ್ ಕೆಲಸ ಮಾಡುವುದು ಬ್ಯಾಟರಿಯ ಡಿಸಿ ಕರೆಂಟಿನಲ್ಲಿ. ಸ್ಟೇಷನ್ ಪೂರ್ತಿ ಕತ್ತಲಾದರೂ ಅದು ಇರಲೇಬೇಕು. ನನ್ನನ್ನು ಕೇಳಿದರೆ ಸ್ಟೇಷನ್ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಬ್ಯಾಟರಿ ರೂಮ್ ನೋಡಿದರೆ ಸಾಕು.

ಕಂಟ್ರೋಲ್ ರೂಮ್

ಇಲ್ಲಿ ಲಾಗ್‌ಬುಕ್ ಬರೆಯುವುದನ್ನು ಕಲಿಯಿರಿ. ಗಂಟೆಗೊಮ್ಮೆ ರೀಡಿಂಗ್ ಬರೆಯುವುದು ಬೇಸರದ ಕೆಲಸ, ನಿಜ. ಆದರೆ ಹಿಂದಿನ ಗಂಟೆಯ ಅಂಕಿ ಗೊತ್ತಿದ್ದರಷ್ಟೇ ಈಗಿನದು ಜಾಸ್ತಿಯೋ ಕಡಿಮೆಯೋ ಹೇಳಬಹುದು. ರಾಜ್ಯದ ಗ್ರಿಡ್ ನಿಯಂತ್ರಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಫೋನ್ ಬಂದರೆ ಮೆಂಟರ್ ಅದೇ ಮಾತನ್ನು ವಾಪಸ್ ಹೇಳಿ, ಹೆಸರು ಕೇಳಿ, ಸಮಯ ಬರೆಯುವುದನ್ನು ಗಮನಿಸಿ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಟ್ರಿಪ್ ಆದಾಗ ಮೊದಲು ಪ್ಯಾನೆಲ್. ಯಾವ ರಿಲೇ ಯಾವ ಸೂಚನೆ ತೋರಿಸಿದೆ, ಫಾಲ್ಟ್ ಎಷ್ಟು ಕಿಲೋಮೀಟರ್ ದೂರ ಎಂದಿದೆ, ಬರೆದುಕೊಂಡ ಮೇಲೆಯೇ ರೀಸೆಟ್. ಆಮೇಲೆ ಫೋನ್.

ಎಲ್‌ಸಿ: ಇದನ್ನು ಎಷ್ಟು ಸಲ ನೋಡಿದರೂ ಕಡಿಮೆಯೇ

ಲೈನಿನಲ್ಲಿ ಕೆಲಸ ಮಾಡಲು ಕೊಡುವ ಅನುಮತಿಯೇ ಲೈನ್ ಕ್ಲಿಯರ್, ಎಲ್ಲರ ಬಾಯಲ್ಲಿ ಎಲ್‌ಸಿ. ಒಂದು 110 ಕೆವಿ ಲೈನಿನಲ್ಲಿ ಇನ್ಸುಲೇಟರ್ ಬದಲಿಸಬೇಕು ಎಂದಿಟ್ಟುಕೊಳ್ಳಿ. ಮೊದಲು ಬ್ರೇಕರ್ ಓಪನ್. ಮೂರೂ ಫೇಸಿನಲ್ಲಿ ಆಂಪಿಯರ್ ಸೊನ್ನೆ ಆಯಿತಾ ನೋಡಬೇಕು. ಆಮೇಲೆ ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಐಸೋಲೇಟರ್. ಈ ಕ್ರಮ ತಿರುಗಿಸುವಂತಿಲ್ಲ, ಏಕೆಂದರೆ ಕಿಡಿ ಆರಿಸುವ ವ್ಯವಸ್ಥೆ ಬ್ರೇಕರ್‌ನಲ್ಲಿದೆ, ಐಸೋಲೇಟರ್‌ನಲ್ಲಿಲ್ಲ. ಲೋಡ್ ಇರುವಾಗ ಅದನ್ನು ಎಳೆದರೆ ಎದುರಿಗೆ ಬೆಂಕಿಯೇ. ಐಸೋಲೇಟರ್‌ನ ಮೂರೂ ತೋಳು ಬಿಚ್ಚಿಕೊಂಡಿವೆಯಾ ಎಂದು ಯಾರ್ಡಿಗೆ ಹೋಗಿ ಕಣ್ಣಾರೆ ನೋಡಬೇಕು. ಪ್ಯಾನೆಲ್‌ನ ದೀಪ ನಂಬಿದರೆ ಸಾಲದು. ಆಚೆ ತುದಿಯ ಸ್ಟೇಷನ್‌ನವರೂ ಓಪನ್ ಮಾಡಿದ್ದಾರೆ ಎಂದು ಖಚಿತವಾಗಬೇಕು. ನಂತರ ಲೈನನ್ನು ನೆಲಕ್ಕೆ ಜೋಡಿಸುವ ಅರ್ಥ್ ಸ್ವಿಚ್, ಬೀಗ, ‘ಕೆಲಸ ನಡೆಯುತ್ತಿದೆ’ ಬೋರ್ಡ್. ಇಷ್ಟಾದ ಮೇಲೆ ಎಲ್‌ಸಿ ನಂಬರ್, ಸಮಯ, ತೆಗೆದುಕೊಂಡವರ ಹೆಸರು.

ಅಲ್ಲಿಗೂ ಮುಗಿಯಲಿಲ್ಲ. ಕೆಲಸದ ಜಾಗದಲ್ಲಿ ಡಿಟೆಕ್ಟರ್ ಹಿಡಿದು ನೋಡಿ, ಎರಡೂ ಬದಿಗೆ ಡಿಸ್ಚಾರ್ಜ್ ರಾಡ್ ಹಾಕಿ ಅರ್ಥ್ ಮಾಡಲೇಬೇಕು. ಒಂದೇ ಟವರಿನಲ್ಲಿ ಎರಡು ಸರ್ಕ್ಯೂಟ್ ಇದ್ದರೆ, ಬಂದ್ ಆದ ಲೈನಿಗೂ ಪಕ್ಕದ ಜೀವಂತ ಲೈನಿನಿಂದ, ಮುಟ್ಟದಿದ್ದರೂ, ವೋಲ್ಟೇಜ್ ಇಂಡ್ಯೂಸ್ ಆಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಐದು ಮಾರ್ಕಿಗೆ ಬರೆದವರು ಇಲ್ಲಿ ಜೀವಕ್ಕೆ ಬೇಕಾಗಿ ಓದಬೇಕು.

ಕೆಲಸ ಮುಗಿದ ಮೇಲೆ ಎಲ್‌ಸಿ ತೆಗೆದುಕೊಂಡವರೇ ವಾಪಸ್ ಕೊಡಬೇಕು. ಜನ ಇಳಿದರಾ, ಸಾಮಾನು ತೆಗೆದರಾ, ಹಾಕಿದ ಅರ್ಥ್ ಬಿಚ್ಚಿದರಾ? ಹೌದು ಎಂದ ಮೇಲೆ ಅರ್ಥ್ ಸ್ವಿಚ್ ಓಪನ್, ಐಸೋಲೇಟರ್ ಕ್ಲೋಸ್, ಬ್ರೇಕರ್ ಎಲ್ಲಕ್ಕಿಂತ ಕೊನೆಗೆ.

ಈಗ ಸಂಜೆಯಾಗಿದೆ, ಊರಿಗೆ ಊರೇ ಕತ್ತಲಲ್ಲಿದೆ, ಇನ್ಯಾರೋ ಫೋನ್ ಮಾಡುತ್ತಾರೆ. “ಸರ್, ಎಲ್ಲ ಮುಗೀತು, ಚಾರ್ಜ್ ಮಾಡಿ.” ಮೆಂಟರ್ ಹೇಳುತ್ತಾರೆ, “ಎಲ್‌ಸಿ ತಗೊಂಡವ್ರೇ ಮಾತಾಡ್ಲಿ ಮಾರಾಯ.” ಅವರು ಇನ್ನೂ ಗುಡ್ಡ ಇಳಿಯುತ್ತಿದ್ದಾರೆ ಎಂದರೆ ಇಳಿಯುವವರೆಗೂ ಕಾಯುವುದೇ. ಇತ್ತ ಕರೆಂಟು ಯಾವಾಗ ಬರುತ್ತದೆ ಎಂದು ಫೋನ್ ಮೇಲೆ ಫೋನ್. ಆಗ ಮೆಂಟರ್ ಯಾರಿಗೆ ಏನು ಹೇಳುತ್ತಾರೆ, ಯಾವುದಕ್ಕೆ ಬಗ್ಗುವುದಿಲ್ಲ, ಅದನ್ನು ಡೈರಿಯಲ್ಲಿ ಬರೆಯಿರಿ. ಉಪಕರಣದ ಬಗ್ಗೆ ಮ್ಯಾನುಯಲ್ ಓದಿ ತಿಳಿಯಬಹುದು. ‘ಇಲ್ಲ’ ಎನ್ನುವುದನ್ನು ಮಾತ್ರ ಹೇಳುವವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಒಂದು ವರ್ಷದಲ್ಲಿ ಇದೊಂದನ್ನು ಕಲಿತರೂ ಬಂದಿದ್ದಕ್ಕೆ ಲಾಭ.

ಲೈನ್ ಮೇಲೆ

ರಿಲೇ ಹೇಳಿದ ಕಿಲೋಮೀಟರ್ ಹಿಡಿದು ಟವರ್ ನಂಬರ್ ಹುಡುಕುತ್ತಾ ಹೋಗುವುದು ಪೆಟ್ರೋಲಿಂಗ್. ಘಟ್ಟದ ಕಡೆ ಮೊಬೈಲ್ ಸಿಗುವುದಿಲ್ಲ, ಉಂಬಳ (ಜಿಗಣೆ) ಸಿಗುತ್ತದೆ. ಲೈನ್‌ಮ್ಯಾನ್ ಅಣ್ಣಂದಿರ ಹಿಂದೆ ಹೋಗಿ, ಮುಂದೆ ಹೋಗಬೇಡಿ. ನಿಮ್ಮ ಮೆಂಟರ್ ಎಂದು ಆರ್ಡರಿನಲ್ಲಿ ಅವರ ಹೆಸರು ಇರುವುದಿಲ್ಲ, ಆದರೆ ಕಾಡಿನಲ್ಲಿ ಗುರು ಅವರೇ.

ಕಾರವಾರ, ಅಂಕೋಲಾ ಕಡೆ ಉಪ್ಪಿನ ಪಾಠ ಬೇರೆಯೇ ಇದೆ. ಬೇಸಿಗೆಯಿಡೀ ಇನ್ಸುಲೇಟರ್ ಮೇಲೆ ಉಪ್ಪು ಕೂರುತ್ತದೆ. ಒಣಗಿರುವಾಗ ತೊಂದರೆ ಇಲ್ಲ. ಜೋರು ಮಳೆ ಬಂದರೆ ತೊಳೆದೇ ಹೋಗುತ್ತದೆ. ಕಾಟ ಕೊಡುವುದು ಮಂಜು, ತುಂತುರು. ಉಪ್ಪು ಒದ್ದೆಯಾಗಿ ಮೇಲ್ಮೈಯಲ್ಲೇ ಕರೆಂಟು ಹರಿದು ಕಿಡಿ ಹಾರುತ್ತದೆ, ಅದೇ ಫ್ಲಾಶ್‌ಓವರ್. ಹಾಗಾಗಿ ಮಳೆಗಾಲಕ್ಕೆ ಮುಂಚೆ ಇನ್ಸುಲೇಟರ್ ತೊಳೆಯುವ, ಒರೆಸುವ ಕೆಲಸ ಇದ್ದರೆ ತಪ್ಪಿಸಿಕೊಳ್ಳಬೇಡಿ.

ಶಿರಸಿ, ಸಿದ್ದಾಪುರದ ಕಡೆ ಹೋದರೆ ಮರ ಮತ್ತು ಮಾತು. 110 ಕೆವಿ ಲೈನಿಗೆ 22 ಮೀಟರ್, 220 ಕೆವಿಗೆ 35 ಮೀಟರ್ ಅಗಲದ ದಾರಿ ಬೇಕು. ಆ ಅಗಲದೊಳಗೆ ಯಾರದೋ ತೋಟವಿರುತ್ತದೆ, ಸೊಪ್ಪಿನ ಬೆಟ್ಟವಿರುತ್ತದೆ. “ಹೆಗಡೇರೆ, ಈ ಟೊಂಗೆ ಲೈನಿಗೆ ತಾಗ್ತದೆ, ನೀವೇ ನೋಡಿ” ಎಂದು ಕರೆದು ತೋರಿಸಿ ಕಡಿಸುವವರಿಗೂ, ಹೇಳದೆ ಕೇಳದೆ ಕತ್ತಿ ಎತ್ತುವವರಿಗೂ ಮರುವರ್ಷ ಸಿಗುವ ಸ್ವಾಗತ ಬೇರೆ ಬೇರೆ.

ಜಾಗ ಅದಲುಬದಲು

ಕೆಲವು ತಿಂಗಳು ಕಳೆದ ಮೇಲೆ ಮೆಂಟರ್ ಅವರನ್ನು ಕೇಳಿಕೊಳ್ಳಿ: “ಸರ್, ಈ ಸಲ ನಾನು ಹೇಳ್ತೇನೆ, ನೀವು ಮಾಡಿ.” ಮುಂದಿನ ಹೆಜ್ಜೆ ಯಾವುದು, ಯಾಕೆ ಎಂದು ಗಟ್ಟಿಯಾಗಿ ಹೇಳಿ. ಸರಿ ಎಂದು ಅವರಿಗೆ ಅನಿಸಿದರೆ ಹ್ಯಾಂಡಲ್ ತಿರುಗಿಸುತ್ತಾರೆ. ತಪ್ಪಿದ್ದರೆ ನಿಲ್ಲಿಸುತ್ತಾರೆ. ಆಪರೇಷನ್ ಅಧಿಕಾರ ಅವರ ಕೈಯಲ್ಲೇ ಉಳಿಯುತ್ತದೆ, ಯೋಚನೆ ಮಾತ್ರ ನಿಮ್ಮದು.

ಸ್ವಿಚಿಂಗ್ ನಡೆಯುವಾಗ ಪ್ರಶ್ನೆ ಬೇಡ. ಬರೆದಿಟ್ಟುಕೊಂಡು ಚಹಾ ಹೊತ್ತಿಗೆ ಕೇಳಿ. ಸಿಟಿ (ಕರೆಂಟ್ ಅಳೆಯಲು ಬಳಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಯನ್ನು ಯಾಕೆ ಓಪನ್ ಬಿಡಬಾರದು ಎಂಬಂಥ ಪ್ರಶ್ನೆಗೆ ಪುಸ್ತಕದ ಉತ್ತರವನ್ನು ನೀವೇ ಮೊದಲು ಹೇಳಿ. ಅಪಾಯದ ವೋಲ್ಟೇಜ್ ಬರುತ್ತದೆ ಎಂದು ನೀವು ಹೇಳಿದ ಮೇಲೆ, ಅದು ಎಲ್ಲಿ ಹೇಗೆ ಆಗುತ್ತದೆ ಎಂಬ ಕಥೆ ಅವರ ಬಾಯಿಂದ ಹೊರಬರುತ್ತದೆ.

ಇನ್ನೊಂದು ವಿಷಯ. ಮೇ-ಜೂನ್ ವರ್ಗಾವಣೆಯ ಕಾಲ. ನಿಮ್ಮ ಮೆಂಟರ್ ನಡುವೆಯೇ ಬೇರೆ ಊರಿಗೆ ಹೋಗಬಹುದು. ಹೊಸಬರು ಬಂದರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿಸುತ್ತಾರೆ. ಅದಕ್ಕೇ ವಾರವಾರ ಏನು ನೋಡಿದಿರಿ, ಏನು ಹೇಳಿ ಮಾಡಿಸಿದಿರಿ ಎಂದು ಡೈರಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಹೊಸ ಮೆಂಟರ್ ಬಂದ ದಿನವೇ ಆ ಡೈರಿ ಅವರ ಮೇಜಿನ ಮೇಲಿರಲಿ.